ಮುಪ್ಪಿನಲ್ಲಿ ಕಾಲದ ಅರಿವು

"ಅರವತ್ತಕ್ಕೆ ಅರಳುಮರಳು" ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಮನೆಯ ಹಿರಿಯರೊಬ್ಬರು ಸೋಮವಾರವನ್ನು ಮಂಗಳವಾರವೆಂದರೆ ಸಾಕು, ಕಿರಿಯರು ಒಬ್ಬರ ಮುಖವನ್ನೊಬ್ಬರು ನೋಡಿ ಈ ಗಾದೆಯನ್ನು ನೆನೆಯುವರು. ಗಾದೆಯು ಕಿವಿಗೆ ಇಂಪಾಗಿದೆ. ಆದರೆ ಅದು ನಿಜವೇ? ಮುಪ್ಪಿನಲ್ಲಿ ಕಾಲದ ಅರಿವು ಹೇಗೆ ಬದಲಾಗುವುದು, ಅದಕ್ಕೂ ಬುದ್ಧಿಶಕ್ತಿಗೂ ಇರುವ ಸಂಬಂಧವೇನು, ಯಾವುದಕ್ಕೆ ಅಂಜಬೇಕು, ಯಾವುದಕ್ಕೆ ಅಂಜಬೇಕಾಗಿಲ್ಲ ಎಂಬುದನ್ನು ಈ ತಿಂಗಳು ವಾಚಕರೊಡನೆ ವಿಚಾರಮಾಡಬೇಕೆಂದಿದ್ದೇನೆ. ಇದಕ್ಕೆ ಕಾರಣವಾದುದು ನಮ್ಮ ಬಂಧುಗಳ ಮನೆಯಲ್ಲಿ ನಡೆದ ಒಂದು ಸಂಗತಿ.

ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವ ಹೆದ್ದಾರಿಯಲ್ಲಿ ಭರಮಸಾಗರವೆಂಬ ಊರುಂಟು. ೧೬೮೯ರಿಂದ ೧೭೨೧ರವರೆಗೆ ದುರ್ಗವನ್ನಾಳಿದ ಪಾಳೆಯಗಾರ ಭರಮಣ್ಣನಾಯಕನ ಹೆಸರನ್ನು ಆ ಊರೂ ಅಲ್ಲಿಯ ದೊಡ್ಡ ಕೆರೆಯೂ ಹೊತ್ತಿವೆ. ಮಳೆ ಕಡಮೆಯಾದ ಸೀಮೆ ಅದು. ೨೦೨೧ರಲ್ಲಿ ತುಂಗಭದ್ರೆಯ ನೀರನ್ನು ಏತದಿಂದೆತ್ತಿ ಕೊಳವೆಗಳಲ್ಲಿ ತಂದು ಆ ಕೆರೆಗೆ ಬಿಟ್ಟರು. ಅಂದಿನಿಂದ ಊರಿನ ಹಿರಿಯರ ಬಾಯಲ್ಲಿ "ಕೆರೆಗೆ ಹೊಳೆ ನೀರು ಬಂದ ವರ್ಷ" ಎಂಬುದು ಒಂದು ಕಾಲದ ಗುರುತಾಗಿ ನಿಂತಿದೆ. ನನ್ನ ಸೋದರತ್ತೆಯವರನ್ನು ಈ ಊರಿಗೆ ಕೊಟ್ಟು ಅರವತ್ತು ವರ್ಷಗಳ ಮೇಲಾಯಿತು. ಈಗ ಅವರಿಗೆ ಎಂಬತ್ತು.

ಕಳೆದ ದೀವಳಿಗೆಯ ತರುವಾಯ ನಾನು ಅಲ್ಲಿಗೆ ಹೋದೆನು. ರಸ್ತೆಯ ಅಂಚಿನುದ್ದಕ್ಕೂ ಮೆಕ್ಕೆಜೋಳವನ್ನು ಒಣಹಾಕಿದ್ದರು. ಮನೆಗೆ ಹೋದರೆ ಜಗಲಿಯ ಮೇಲೆ ಅತ್ತೆಯವರು ಕಾಣಲಿಲ್ಲ. ನಾನು ಬಲ್ಲಂದಿನಿಂದ ಅವರ ಸ್ಥಾನವು ಜಗಲಿಯೇ. ಹಾಲಿನ ಲೆಕ್ಕ, ಆಳುಗಳ ಕೂಲಿ, ಉಗ್ರಾಣದ ಬೀಗದ ಕೈ, ಎಲ್ಲವೂ ಅಲ್ಲಿಂದಲೇ ನಡೆಯುತ್ತಿದ್ದುವು. ನಾನು ವಿಚಾರಿಸಲು ಅವರ ಮಗನು ದನಿಯನ್ನು ತಗ್ಗಿಸಿ, "ಅವ್ವ ಒಳಗಿನ ಕೋಣೆಯಲ್ಲಿದ್ದಾರೆ, ಭಾವ. ಈಗೀಗ ಅವರಿಗೆ ದಿನವಾರದ ನೆಲೆಯಿಲ್ಲ" ಎಂದನು.

ಸಂಗತಿ ಹೀಗೆ. ಎರಡು ತಿಂಗಳ ಹಿಂದೆ ಮೊಣಕಾಲಿನ ನೋವಿಗಾಗಿ ಅವರನ್ನು ಪೇಟೆಯ ಒಬ್ಬ ವೈದ್ಯರ ಬಳಿಗೆ ಕರೆದುಕೊಂಡು ಹೋಗಿದ್ದರಂತೆ. ವೈದ್ಯರು ಮಾತಿನ ನಡುವೆ, ಇಂದು ಯಾವ ತಾರೀಖು, ಯಾವ ತಿಂಗಳು, ಯಾವ ಇಸವಿ ಎಂದು ಕೇಳಿದರು. ಅತ್ತೆಯವರು ಒಂದಕ್ಕೂ ಉತ್ತರ ಕೊಡಲಾರದೆ ನಕ್ಕುಬಿಟ್ಟರು. "ವಯಸ್ಸಾಯಿತು, ಜೋಪಾನವಾಗಿ ನೋಡಿಕೊಳ್ಳಿರಿ" ಎಂದು ವೈದ್ಯರು ಹೇಳಿ ಕಳುಹಿಸಿದರು. ಮಗನು ಹೆದರಿದನು. ತಾಯಿಯ ಮೇಲಣ ಪ್ರೀತಿಯಿಂದಲೇ ಹಾಲಿನ ಲೆಕ್ಕವನ್ನು ತಾನು ತೆಗೆದುಕೊಂಡನು. ಬೀಗದ ಕೈ ಸೊಸೆಯ ಸೆರಗಿಗೆ ಹೋಯಿತು. ಮಂಚವು ಗಾಳಿಬೆಳಕು ಸಾಲದ ಹಿಂದಣ ಕೋಣೆಗೆ ಹೋಯಿತು. ಇದಾದ ಮೇಲೆ ಒಂದು ದಿನ ಅತ್ತೆಯವರು ರಕ್ತದೊತ್ತಡದ ಮಾತ್ರೆಯನ್ನು ಬೆಳಗ್ಗೆ ಒಮ್ಮೆ ನುಂಗಿ, ಮಧ್ಯಾಹ್ನ ಮಲಗಿ ಎದ್ದವರು ಬೆಳಗಾಯಿತೆಂದುಕೊಂಡು ಮತ್ತೊಮ್ಮೆ ನುಂಗಿ, ತಲೆಸುತ್ತಿ ಕುಳಿತರು. ಮನೆಯವರ ಸಂದೇಹವು ಗಟ್ಟಿಯಾಯಿತು.

ನಾನು ಒಳಗೆ ಹೋಗಿ ಕುಳಿತು ಕುಶಲವನ್ನು ಕೇಳಿದ ಮೇಲೆ, ಮೆಲ್ಲನೆ, "ಅತ್ತೆ, ಇವತ್ತು ತಾರೀಖು ಎಷ್ಟು?" ಎಂದೆನು.

"ನೀನೂ ಅದನ್ನೇ ಕೇಳ್ತೀಯಾ ಮಗಾ? ತಾರೀಖು ಕಟ್ಟಿಕೊಂಡು ನಾನೇನು ಕಚೇರಿಗೆ ಹೋಗಬೇಕಾ? ದೀವಳಿಗೆ ಅಮಾಸೆ ಕಳೆದು ನಾಕು ದಿನ ಆತು. ಸ್ವಾತಿ ಮಳೆ ಹುಟ್ಟೈತೆ. ಗೌರಿ ಹುಣ್ಣಿಮೆಗೆ ಇನ್ನು ಹನ್ನೊಂದು ದಿನ" ಎಂದರು. ನಾನು ಹೊರಗೆ ಬಂದು ಪಂಚಾಂಗವನ್ನು ನೋಡಿದೆನು. ಒಂದು ದಿನವೂ ತಪ್ಪಿರಲಿಲ್ಲ. ತಮ್ಮ ಹುಟ್ಟಿದ ವರ್ಷ ಪಾರ್ಥಿವ ಸಂವತ್ಸರವೆಂದು ತಂದೆ ಹೇಳುತ್ತಿದ್ದುದೂ ಅವರಿಗೆ ನೆನಪಿದ್ದಿತು. ಲೆಕ್ಕಹಾಕಿದರೆ ಅದು ೧೯೪೫-೪೬, ಸರಿಯೇ.

ಆದರೆ ವಾರವನ್ನು ಕೇಳಿದಾಗ ತಡವರಿಸಿದರು. "ಹಾಲಿನ ಲೆಕ್ಕ ನೋಡ್ತಿದ್ದಾಗ ವಾರ ತಾನಾಗೇ ಗೊತ್ತಾಗ್ತಿತ್ತು. ಡೇರಿಯವರು ದುಡ್ಡು ಕೊಡೋ ದಿನ ಒಂದಿತ್ತಲ್ಲ. ಈಗ ಎಲ್ಲಾ ದಿನಾನೂ ಒಂದೇ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊತ್ತೇ ಹೋಗೋದಿಲ್ಲ ಮಗಾ. ಆದರೆ ವರ್ಷ ಮಾತ್ರ ಹಾರಿ ಹೋಗ್ತವೆ" ಎಂದು ಸೇರಿಸಿದರು.

ಹೊತ್ತು ಹೋಗದು, ವರ್ಷ ಹಾರುವುದು: ಈ ಎರಡು ಮಾತುಗಳು ಒಂದಕ್ಕೊಂದು ವಿರುದ್ಧವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಮನಶ್ಶಾಸ್ತ್ರಜ್ಞರು ಇದನ್ನು ಚೆನ್ನಾಗಿ ಬಲ್ಲರು. ನಾವು ಕಾಲವನ್ನು ಅಳೆಯುವ ರೀತಿಗಳು ಎರಡು. ಕಾಲವು ಕಳೆಯುತ್ತಿರುವಾಗಲೇ ಅದರ ಕಡೆಗೆ ಗಮನವಿಟ್ಟು ಅಳೆಯುವುದು ಒಂದು. ಕಳೆದ ಮೇಲೆ ಹಿಂದಿರುಗಿ ನೋಡಿ, ನೆನಪಿನಲ್ಲಿ ಎಷ್ಟು ಸಂಗತಿಗಳು ಉಳಿದಿವೆ ಎಂಬುದರ ಮೇಲೆ ಅಳೆಯುವುದು ಇನ್ನೊಂದು. ಬಸ್ಸಿಗಾಗಿ ಕಾಯುವವನಿಗೆ ಗಮನವೆಲ್ಲವೂ ಹೊತ್ತಿನ ಮೇಲೆಯೇ ಇರುವುದರಿಂದ ಅರ್ಧ ಗಂಟೆಯು ಯುಗವಾಗುವುದು. ಆದರೆ ಒಂದು ತಿಂಗಳಾದ ಮೇಲೆ ಆ ಅರ್ಧ ಗಂಟೆಯು ನೆನಪಿನಲ್ಲಿಯೇ ಇರುವುದಿಲ್ಲ. ತೀರ್ಥಯಾತ್ರೆಗೆ ಹೋದವನಿಗೆ ನಾಲ್ಕು ದಿನಗಳು ಕಣ್ಣುಮುಚ್ಚಿ ತೆರೆಯುವುದರೊಳಗೆ ಕಳೆಯುವುವು. ಮನೆಗೆ ಬಂದು ನೆನೆದರೆ ತಿಂಗಳಿನಷ್ಟು ದೊಡ್ಡದಾಗಿ ಕಾಣುವುವು. ಕೆಲಸವಿಲ್ಲದ ವೃದ್ಧರ ಪಾಡು ಬಸ್ಸಿಗೆ ಕಾಯುವವನ ಪಾಡೇ ಆಗಿದೆ. ದಿನವು ಉದ್ದ, ವರ್ಷವು ಗಿಡ್ಡ.

ವಯಸ್ಸಾದಂತೆ ವರ್ಷಗಳು ಏಕೆ ಗಿಡ್ಡವಾಗುವುವು ಎಂಬುದಕ್ಕೆ ಫ್ರಾನ್ಸ್ ದೇಶದ ತತ್ತ್ವಜ್ಞಾನಿ ಪಾಲ್ ಜಾನೆ ಎಂಬಾತನು ೧೮೭೭ರಲ್ಲಿ ಒಂದು ಲೆಕ್ಕವನ್ನು ಹೇಳಿದನು. ಹತ್ತು ವರ್ಷದ ಹುಡುಗನಿಗೆ ಒಂದು ವರ್ಷವೆಂದರೆ ಬಾಳಿನ ಹತ್ತನೆಯ ಒಂದು ಪಾಲು. ಐವತ್ತರವನಿಗೆ ಐವತ್ತನೆಯ ಒಂದು ಪಾಲು. ಆದುದರಿಂದ ಅದು ಚಿಕ್ಕದಾಗಿ ತೋರುವುದು ಎಂದು. ಅಮೆರಿಕೆಯ ವಿಲಿಯಂ ಜೇಮ್ಸ್ ೧೮೯೦ರಲ್ಲಿ ಪ್ರಕಟಿಸಿದ ತನ್ನ ಮನಶ್ಶಾಸ್ತ್ರದ ಗ್ರಂಥದಲ್ಲಿ ಇದನ್ನು ಉಲ್ಲೇಖಿಸಿ, ಇದು ಸಂಗತಿಯನ್ನು ವರ್ಣಿಸುವುದೇ ಹೊರತು ಕಾರಣವನ್ನು ಹೇಳುವುದಿಲ್ಲವೆಂದು ಸರಿಯಾಗಿಯೇ ತಿಳಿದನು. ಅವನ ಅಭಿಪ್ರಾಯದಲ್ಲಿ ಕಾರಣವು ಬೇರೆ. ಬಾಲ್ಯದಲ್ಲಿ ದಿನದಿನವೂ ಹೊಸದು. ವಯಸ್ಸಾದಂತೆ ಬಾಳು ರೂಢಿಯ ಜಾಡಿನಲ್ಲಿ ಹರಿದು, ಒಂದು ದಿನಕ್ಕೂ ಇನ್ನೊಂದಕ್ಕೂ ಗುರುತು ಸಿಕ್ಕದೆ, ನೆನಪಿನಲ್ಲಿ ವರ್ಷಗಳೇ ಒಂದರೊಳಗೊಂದು ಮಡಿಸಿಹೋಗುವುವು.

ಇದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಂದು ದೃಷ್ಟಾಂತವುಂಟು. ಹಿರಿಯೂರಿನ ಬಳಿ ೧೯೦೭ರಲ್ಲಿ ಪೂರ್ತಿಯಾದ ವಾಣಿವಿಲಾಸ ಸಾಗರವು ೧೯೩೩ರಲ್ಲಿ ತುಂಬಿ ಕೋಡಿ ಬಿದ್ದಿತು. ಎರಡನೆಯ ಸಲ ಕೋಡಿ ಬಿದ್ದುದು ೨೦೨೨ರಲ್ಲಿ. ನಡುವೆ ೮೯ ವರ್ಷಗಳು. ಆ ಅವಧಿಯಲ್ಲಿ ಕಾಲವು ನಿಂತಿರಲಿಲ್ಲ. ಪ್ರತಿ ವರ್ಷವೂ ನೀರು ಬಂದಿತು, ಹೋಯಿತು. ಆದರೆ ಜನರ ಬಾಯಲ್ಲಿ ಉಳಿದ ಗುರುತುಗಳು ಕೋಡಿಯ ವರ್ಷಗಳೇ. ಮನುಷ್ಯನ ನೆನಪೂ ಹೀಗೆಯೇ. ವೃದ್ಧರನ್ನು ತಮ್ಮ ಬಾಳಿನ ಮುಖ್ಯ ಸಂಗತಿಗಳನ್ನು ಹೇಳಿರೆಂದರೆ ಹತ್ತರಿಂದ ಮೂವತ್ತು ವರ್ಷದೊಳಗಿನವನ್ನೇ ಹೆಚ್ಚಾಗಿ ಹೇಳುವರೆಂಬುದು ಸಂಶೋಧಕರು ಅನೇಕ ದೇಶಗಳಲ್ಲಿ ಕಂಡ ಮಾತು. ಮದುವೆ, ಮೊದಲ ಮಗು, ಮೊದಲ ಸಂಬಳ, ಹೊಸ ಊರು, ಇವೆಲ್ಲವೂ ಆ ವಯಸ್ಸಿನಲ್ಲಿಯೇ ಬರುವುವಷ್ಟೆ. ಸಿರಿಗೆರೆಯ ಮಠದ ತರಳಬಾಳು ಹುಣ್ಣಿಮೆಯು ವರ್ಷವರ್ಷವೂ ಬೇರೆ ಬೇರೆ ಊರುಗಳಲ್ಲಿ ನಡೆಯುವುದು. ಅದಕ್ಕೆ ತಪ್ಪದೆ ಹೋಗುತ್ತಿದ್ದ ಅತ್ತೆಯವರು "ಇಂಥ ಊರಿನಲ್ಲಿ ಹುಣ್ಣಿಮೆ ನಡೆದ ವರ್ಷ" ಎಂದು ವರ್ಷಗಳನ್ನು ಬಿಡಿಬಿಡಿಯಾಗಿ ಹೇಳಬಲ್ಲರು. ಕಾಲುನೋವಿನಿಂದ ಹೋಗುವುದು ನಿಂತ ಮೇಲಿನ ವರ್ಷಗಳೇ ಅವರಿಗೆ ಕಲಸಿಹೋಗಿವೆ.

ಹಾಗಾದರೆ ಕಾಲದ ಓಟವು ಮುದುಕರಿಗೆ ಮಾತ್ರ ಬೇರೆಯಾಗಿ ತೋರುವುದೇ? ೨೦೦೫ರಲ್ಲಿ ಮಾರ್ಕ್ ವಿಟ್ಮನ್, ಸಾಂದ್ರಾ ಲೆನ್‌ಹಾಫ್ ಎಂಬಿಬ್ಬರು ಜರ್ಮನಿ ಮತ್ತು ಆಸ್ಟ್ರಿಯಾ ದೇಶಗಳಲ್ಲಿ ೧೪ರಿಂದ ೯೪ ವರ್ಷದವರೆಗಿನ ೪೯೯ ಜನರನ್ನು ಪ್ರಶ್ನಿಸಿ ನೋಡಿದರು. ಕಳೆದ ವಾರ, ಕಳೆದ ತಿಂಗಳು ಎಷ್ಟು ಬೇಗ ಹೋಯಿತೆಂಬುದರಲ್ಲಿ ಕಿರಿಯರಿಗೂ ಹಿರಿಯರಿಗೂ ಹೆಚ್ಚು ಭೇದ ಕಾಣಲಿಲ್ಲ; ಎಲ್ಲರೂ ಬೇಗ ಹೋಯಿತೆಂದೇ ಹೇಳಿದರು. ಕಳೆದ ಹತ್ತು ವರ್ಷಗಳ ವಿಷಯವಾಗಿ ಮಾತ್ರ ವಯಸ್ಸಾದವರು ಹೆಚ್ಚು ವೇಗವನ್ನು ಹೇಳಿದರು. ಆ ವ್ಯತ್ಯಾಸವೂ ಬಹಳ ದೊಡ್ಡದಾಗಿರಲಿಲ್ಲ. ಎಂದಮೇಲೆ, "ವರ್ಷ ಹಾರಿ ಹೋಗುತ್ತವೆ" ಎಂಬ ಮಾತು ಬುದ್ಧಿ ಕೆಟ್ಟುದರ ಗುರುತಲ್ಲ. ಅದು ಎಲ್ಲ ಮನುಷ್ಯರ ಮಾತು.

ಇನ್ನು ಕಾಲವು ಕಳೆಯುತ್ತಿರುವಾಗ ಅದನ್ನು ಅಳೆಯುವ ಶಕ್ತಿಯ ವಿಚಾರ. ನಮ್ಮೊಳಗೆ ಒಂದು ಗಡಿಯಾರವಿರುವಂತೆಯೂ, ಅದು ಮಿಡಿಯುವ ಮಿಡಿತಗಳನ್ನು ಮನಸ್ಸು ಎಣಿಸುವಂತೆಯೂ ಶಾಸ್ತ್ರಜ್ಞರು ಭಾವಿಸುವರು. ಈ ಗಡಿಯಾರವು ದೇಹದ ಸ್ಥಿತಿಗೆ ಅಧೀನ. ೧೯೩೩ರಲ್ಲಿ ಅಮೆರಿಕೆಯ ಹಡ್ಸನ್ ಹೋಗ್ಲಂಡ್ ಎಂಬ ಶರೀರಶಾಸ್ತ್ರಜ್ಞನು ಒಂದು ಸ್ವಾರಸ್ಯವಾದ ವಿಷಯವನ್ನು ಪ್ರಕಟಿಸಿದನು. ಅವನ ಹೆಂಡತಿ ಜ್ವರದಿಂದ ಮಲಗಿದ್ದಳು. ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದ ಗಂಡನನ್ನು, ಬಹಳ ಹೊತ್ತು ಹೋಗಿದ್ದೆಯೆಂದು ಆಕೆ ಆಕ್ಷೇಪಿಸಿದಳು. ಆತನು ಸೆಕೆಂಡಿಗೊಂದರಂತೆ ಅರವತ್ತರವರೆಗೆ ಎಣಿಸೆಂದು ಆಕೆಗೆ ಹೇಳಿ ಗಡಿಯಾರವನ್ನು ಹಿಡಿದು ನೋಡಿದನು. ಜ್ವರವು ಏರಿದಷ್ಟೂ ಆಕೆಯ ಎಣಿಕೆಯು ವೇಗವಾಗುತ್ತಿದ್ದಿತು. ಮಿದುಳಿನ ಡೋಪಮಿನ್ ಎಂಬ ರಸವು ಕಡಮೆಯಾಗುವ ಪಾರ್ಕಿನ್‌ಸನ್ ಕಾಯಿಲೆಯಲ್ಲಿಯೂ ಹೊತ್ತಿನ ಅಳತೆ ತಪ್ಪುವುದುಂಟು.

ವಯಸ್ಸಾದಂತೆ ಈ ಗಡಿಯಾರವು ನಿಧಾನವಾಗುವುದೋ ವೇಗವಾಗುವುದೋ ಎಂಬ ವಿಷಯದಲ್ಲಿ ಪ್ರಯೋಗಗಳು ಒಂದೇ ಮಾತನ್ನು ಹೇಳಿಲ್ಲ. ೧೯೯೦ರ ದಶಕದಲ್ಲಿ ಪೀಟರ್ ಮ್ಯಾಂಗನ್ ಎಂಬವರು ಮನಸ್ಸಿನಲ್ಲಿಯೇ ಎಣಿಸಿ ಮೂರು ನಿಮಿಷವಾದಾಗ ಹೇಳಿರೆಂದು ಕೇಳಲು, ಇಪ್ಪತ್ತರ ಆಸುಪಾಸಿನವರು ಸರಾಸರಿ ೩ ನಿಮಿಷ ೩ ಸೆಕೆಂಡಿಗೆ ಹೇಳಿದರು. ಅರವತ್ತು ದಾಟಿದವರು ೩ ನಿಮಿಷ ೪೦ ಸೆಕೆಂಡಿಗೆ ಹೇಳಿದರು. ಆದರೆ ೧೯೯೮ರಲ್ಲಿ ರಿಚರ್ಡ್ ಬ್ಲಾಕ್ ಮೊದಲಾದವರು ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹಿರಿಯರು ಕಿರಿಯರಿಗಿಂತ ಬೇಗನೆ "ಆಯಿತು" ಎನ್ನುವುದೇ ಕಂಡಿತು. ಭೇದವಿಲ್ಲದೆ ಒಪ್ಪಿದ ಅಂಶವು ಬೇರೊಂದು: ಹೊತ್ತನ್ನು ಅಳೆಯುವುದಕ್ಕೆ ಗಮನವೂ, ಕೈಯಲ್ಲಿ ಹಿಡಿದಿರಬೇಕಾದ ನೆನಪೂ ಬೇಕು. ವಯಸ್ಸಿನೊಡನೆ ಇವೆರಡೂ ಸ್ವಲ್ಪ ಸಡಿಲವಾಗುವುವು. ಆದುದರಿಂದ ಹೊತ್ತನ್ನು ನೋಡುತ್ತಲೇ ಮತ್ತೊಂದು ಕೆಲಸವನ್ನೂ ಮಾಡಬೇಕಾದಾಗ ಹಿರಿಯರಿಗೆ ತಪ್ಪುಗಳು ಹೆಚ್ಚು. ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಬಂದವರೊಡನೆ ಮಾತನಾಡಿದರೆ ಹಾಲು ಉಕ್ಕುವುದು ಇದರಿಂದಲೇ. ಇದು ಮುಪ್ಪಿನ ಸಹಜಸ್ಥಿತಿ, ರೋಗವಲ್ಲ.

ವಾಚಕರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ರಾತ್ರಿ ಊಟವಾದ ಮೇಲೆ ಒಬ್ಬರು ಗಡಿಯಾರವನ್ನು ಹಿಡಿಯಲಿ. ಉಳಿದವರು ಕಣ್ಣು ಮುಚ್ಚಿ ಕುಳಿತು, ಒಂದು ನಿಮಿಷವಾಯಿತೆಂದು ತೋರಿದಾಗ ಕೈಯೆತ್ತಲಿ. ಎರಡನೆಯ ಸಲ, ನೂರರಿಂದ ಮೂರು ಮೂರನ್ನು ಕಳೆಯುತ್ತಾ ಕುಳಿತು, ನಿಮಿಷವಾಯಿತೆಂದು ತೋರಿದಾಗ ಕೈಯೆತ್ತಲಿ. ಮಕ್ಕಳೂ ಸೇರಿ ಬಹುಮಂದಿಗೆ ಎರಡನೆಯ ಸಲ ಹೊತ್ತು ಮೀರಿಹೋಗಿರುವುದು. ಗಮನವು ಬೇರೆಡೆಗೆ ಹೋದರೆ ಯಾರಿಗಾದರೂ ಹೊತ್ತು ತಪ್ಪುವುದೆಂಬುದನ್ನು ಕಣ್ಣಾರೆ ಕಂಡ ಮಕ್ಕಳು ಅಜ್ಜಿಯನ್ನು ನೋಡಿ ಅಷ್ಟು ಸುಲಭವಾಗಿ ನಗಲಾರರು.

ಈಗ ಹಿಂದಣ ಕೋಣೆಯ ಮಾತಿಗೆ ಬರೋಣ. ೧೯೬೨ರಲ್ಲಿ ಮಿಷೆಲ್ ಸಿಫ್ರ್ ಎಂಬ ಫ್ರೆಂಚ್ ಯುವಕನು ಆಲ್ಪ್ಸ್ ಪರ್ವತದ ಒಂದು ಆಳವಾದ ಗುಹೆಯಲ್ಲಿ ಗಡಿಯಾರವಿಲ್ಲದೆ, ಸೂರ್ಯನನ್ನು ಕಾಣದೆ, ಒಬ್ಬನೇ ಎರಡು ತಿಂಗಳಿದ್ದನು. ಸೆಪ್ಟೆಂಬರ್ ೧೪ರಂದು ಅವನ ವಾಸವು ಮುಗಿದಾಗ, ಅವನ ಲೆಕ್ಕದಲ್ಲಿ ಅಂದು ಆಗಸ್ಟ್ ೨೦. ಇಪ್ಪತ್ತೈದು ದಿನಗಳು ಲೆಕ್ಕದಿಂದ ಜಾರಿಹೋಗಿದ್ದುವು. ಆಗ ಅವನ ವಯಸ್ಸು ಇಪ್ಪತ್ತಮೂರು. ಬುದ್ಧಿಯಲ್ಲಿ ಯಾವ ಕುಂದೂ ಇರಲಿಲ್ಲ. ಅವನಿಗೆ ಇಲ್ಲದೆ ಹೋದುದು ದಿನಕ್ಕೆ ಗುರುತು ಹಾಕುವ ಬೆಳಕು, ಜನ ಮತ್ತು ಕೆಲಸ. ಇಪ್ಪತ್ತಮೂರರ ಯುವಕನ ಲೆಕ್ಕವೇ ಹೀಗೆ ಕೆಡುವುದಾದರೆ, ಎಂಬತ್ತರ ತಾಯಿಯನ್ನು ಬೆಳಕು ಕಾಣದ ಕೋಣೆಯಲ್ಲಿ ಕೂಡಿಸಿ, ಕೈಯ ಕೆಲಸವನ್ನು ಕಿತ್ತುಕೊಂಡು, ಬಳಿಕ ವಾರವನ್ನು ಕೇಳುವುದು ಯಾವ ನ್ಯಾಯ? ನಮ್ಮ ಅತ್ತೆಯವರ ವಾರವು ತಪ್ಪಿದುದು ಬೀಗದ ಕೈ ಹೋದ ಮೇಲೆ, ಅದಕ್ಕೆ ಮೊದಲಲ್ಲ. ಮಧ್ಯಾಹ್ನದ ನಿದ್ರೆಯಿಂದೆದ್ದು ಬೆಳಗೆಂದು ಭ್ರಮಿಸಿದುದೂ ಕತ್ತಲೆಯ ಕೋಣೆಗೆ ಹೋದ ಮೇಲೆಯೇ. ನಿದ್ರೆ ಎಚ್ಚರಗಳನ್ನು ನಡೆಸುವ ಮಿದುಳಿನ ಗಡಿಯಾರವು ಹಗಲಿನ ಬೆಳಕನ್ನು ನೋಡಿಯೇ ದಿನದಿನವೂ ತನ್ನನ್ನು ಸರಿಪಡಿಸಿಕೊಳ್ಳುವುದು. ಕಣ್ಣಿನಲ್ಲಿ ಪೊರೆ ಬಂದವರಿಗೆ ಆ ಬೆಳಕೂ ಸಾಲದು.

ವೈದ್ಯರ ಪ್ರಶ್ನೆಯು ತಪ್ಪೆಂದು ನಾನು ಹೇಳುವುದಿಲ್ಲ. ಕಾಲದ ನೆಲೆ ತಪ್ಪುವುದು ಮರೆವಿನ ರೋಗದ ಮೊದಲ ಗುರುತುಗಳಲ್ಲಿ ಒಂದು. ಅಮೆರಿಕೆಯ ಫೋಲ್‌ಸ್ಟೀನ್ ಮೊದಲಾದವರು ೧೯೭೫ರಲ್ಲಿ ಸಿದ್ಧಪಡಿಸಿದ, ಲೋಕದಲ್ಲೆಲ್ಲಾ ಬಳಕೆಗೆ ಬಂದ ಪರೀಕ್ಷೆಯಲ್ಲಿ ಮೂವತ್ತು ಅಂಕಗಳಿಗೆ ಐದು ಅಂಕಗಳು ಇಸವಿ, ಋತು, ತಿಂಗಳು, ತಾರೀಖು, ವಾರಗಳಿಗೇ ಮೀಸಲು. ಆದರೆ ಈ ಪ್ರಶ್ನೆಗಳು ಓದುಬರಹ ಬಲ್ಲ, ಕ್ಯಾಲೆಂಡರನ್ನು ನೋಡಿ ಬಾಳುವ ಜನಕ್ಕೆ ಹೊಂದುವಂಥವು. ಹರಿಯಾಣದ ಬಲ್ಲಭಗಡದ ಹಳ್ಳಿಗಳಲ್ಲಿ ಮೇರಿ ಗಂಗೂಲಿ ಮೊದಲಾದವರು ಓದು ಬಾರದ ವೃದ್ಧರಿಗಾಗಿ ಈ ಪರೀಕ್ಷೆಯನ್ನು ಹಿಂದಿಯಲ್ಲಿ ಹೊಸದಾಗಿ ರೂಪಿಸಿ ೧೯೯೫ರಲ್ಲಿ ಪ್ರಕಟಿಸಿದಾಗ, ಇಸವಿಯನ್ನು ಕೇಳುವುದನ್ನು ಬಿಟ್ಟು, ಈಗ ಬೆಳಗೋ ಮಧ್ಯಾಹ್ನವೋ ಸಂಜೆಯೋ ಎಂದು ಕೇಳುವಂತೆ ಮಾಡಿದರು. ಜನರ ಬಾಳಿಗೆ ತಕ್ಕ ಅಳತೆಗೋಲು ಇರಬೇಕೆಂಬುದೇ ಇದರ ಅರ್ಥ. ನಮ್ಮ ನಾಡಿನಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರವು ೨೦೧೮ರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ನಲವತ್ತೈದು ವರ್ಷ ಮೀರಿದವರನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಾ, ಹಳ್ಳಿಯವರ ಮಿದುಳು ಮುಪ್ಪಿನಲ್ಲಿ ಹೇಗೆ ಬದಲಾಗುವುದೆಂಬುದನ್ನು ವರ್ಷಗಟ್ಟಲೆ ಗಮನಿಸುವ ಕಾರ್ಯವನ್ನು ಕೈಕೊಂಡಿದೆ. ಪೇಟೆಯವರನ್ನೂ ಪರದೇಶದವರನ್ನೂ ನೋಡಿ ಹೇಳಿದುದನ್ನು ಹಳ್ಳಿಯವರಿಗೆ ಹಾಗೆಯೇ ಅನ್ವಯಿಸಲಾಗದಷ್ಟೆ.

ಗಾದೆಯ ಮಾತನ್ನೂ ಅಂಕಿಗಳಿಂದ ತೂಗಿ ನೋಡಬಹುದು. ೨೦೨೩ರಲ್ಲಿ ಪ್ರಕಟವಾದ ಅಖಿಲ ಭಾರತದ ಸಮೀಕ್ಷೆಯೊಂದರ ಪ್ರಕಾರ, ನಮ್ಮ ದೇಶದಲ್ಲಿ ಅರವತ್ತು ವರ್ಷ ಮೀರಿದವರಲ್ಲಿ ಮರೆವಿನ ರೋಗವಿರುವವರು ನೂರಕ್ಕೆ ೭.೪, ಒಟ್ಟು ಸುಮಾರು ೮೮ ಲಕ್ಷ ಮಂದಿ. ಇದು ಸಣ್ಣ ಸಂಖ್ಯೆಯಲ್ಲ. ಆದರೆ ನೂರರಲ್ಲಿ ತೊಂಬತ್ತೆರಡಕ್ಕಿಂತ ಹೆಚ್ಚು ಮಂದಿಗೆ ಆ ರೋಗವಿಲ್ಲವೆಂಬುದೂ ಅಷ್ಟೇ ನಿಜ. ಅರವತ್ತಕ್ಕೆ ಎಲ್ಲರಿಗೂ ಅರಳುಮರಳೆಂಬ ಗಾದೆಯು ಸುಳ್ಳು.

ಹಾಗಾದರೆ ಯಾವುದಕ್ಕೆ ಎಚ್ಚರದಿಂದಿರಬೇಕು? ಮೊದಲನೆಯದಾಗಿ, ನೆನ್ನೆಯವರೆಗೆ ಸರಿಯಾಗಿದ್ದವರು ಇಂದು ಹಠಾತ್ತಾಗಿ ಹಗಲು ರಾತ್ರಿಗಳ ಭೇದವನ್ನು ತಿಳಿಯದೆ, ಹೊತ್ತಿಗೊಂದು ಬಗೆಯಾಗಿ ಮಾತನಾಡಿದರೆ, ಅಥವಾ ಮಂಕಾಗಿ ತೂಕಡಿಸಿದರೆ, ಅದು ಮುಪ್ಪಲ್ಲ. ಜ್ವರ, ಮೂತ್ರದ ಸೋಂಕು, ಶ್ವಾಸಕೋಶದ ಸೋಂಕು, ನೀರು ಸಾಲದಿರುವುದು, ರಕ್ತದಲ್ಲಿ ಉಪ್ಪಿನ ಅಂಶ ಇಳಿದಿರುವುದು, ಹೊಸದಾಗಿ ಆರಂಭಿಸಿದ ಔಷಧ, ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು. ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು, ನಾಳೆಯೆನ್ನಕೂಡದು. ಎರಡನೆಯದಾಗಿ, ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಬೆಳೆಯುವ ಲಕ್ಷಣಗಳು: ಹೇಳಿದ ಉತ್ತರವನ್ನು ಮರೆತು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು, ಬಲ್ಲ ಬೀದಿಯಲ್ಲಿ ದಾರಿ ತಪ್ಪುವುದು, ನೂರಾರು ಸಲ ಮಾಡಿದ ಅಡಿಗೆಯ ಕ್ರಮವು ತಿಳಿಯದಾಗುವುದು, ತೀರಿಕೊಂಡವರು ಬದುಕಿರುವರೆಂದು ತಿಳಿದು ಅವರಿಗಾಗಿ ಕಾಯುವುದು. ಇಂಥವು ಕಂಡರೆ ಜಿಲ್ಲಾಸ್ಪತ್ರೆಯಲ್ಲಾಗಲಿ ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಯಲ್ಲಾಗಲಿ ತೋರಿಸಬೇಕು. ವಾರವನ್ನು ತಪ್ಪಿ ಹೇಳಿ, ತಿದ್ದಿದೊಡನೆ "ಹೌದಲ್ಲ" ಎನ್ನುವವರ ಸ್ಥಿತಿಯೇ ಬೇರೆ, ತಿದ್ದಿದರೂ ಮನಸ್ಸಿಗೆ ಹಿಡಿಯದವರ ಸ್ಥಿತಿಯೇ ಬೇರೆ. ಬಿ೧೨ ಜೀವಸತ್ತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಂದತೆ, ಮನಸ್ಸಿನ ಖಿನ್ನತೆ, ಇವು ಮರೆವಿನ ರೋಗದಂತೆಯೇ ತೋರುವುದುಂಟು, ಇವಕ್ಕೆ ಚಿಕಿತ್ಸೆಯುಂಟು. ಆದುದರಿಂದ "ವಯಸ್ಸಾಯಿತು" ಎಂದು ಕೈಬಿಡುವುದು ಯಾವ ರೀತಿಯಿಂದಲೂ ಸರಿಯಲ್ಲ.

ಮನೆಯವರು ಮಾಡಬೇಕಾದುದು ಬಹಳ ಕಷ್ಟದ್ದೇನೂ ಅಲ್ಲ. ೨೦೨೪ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಪತ್ರಿಕೆಯ ತಜ್ಞಮಂಡಲಿಯು ಮರೆವಿನ ರೋಗಕ್ಕೆ ಎಡೆಗೊಡುವ, ಆದರ ನಾವು ತಿದ್ದಬಹುದಾದ ಹದಿನಾಲ್ಕು ಕಾರಣಗಳನ್ನು ಹೇಳಿತು. ಕಿವಿ ಮಂದವಾಗುವುದು, ಕಣ್ಣು ಮಂದವಾಗುವುದು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಒಂಟಿತನ, ಬಾಲ್ಯದಲ್ಲಿ ವಿದ್ಯೆ ಸಾಲದಿರುವುದು ಇವು ಅವುಗಳಲ್ಲಿ ಕೆಲವು. ಇವೆಲ್ಲವನ್ನೂ ನೀಗಿದರೆ ನೂರಕ್ಕೆ ೪೫ರಷ್ಟು ರೋಗವನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು ಅವರ ಅಂದಾಜು. ಕಣ್ಣಿನ ಪೊರೆಯನ್ನು ತೆಗೆಸುವುದು, ಕಿವಿಗೆ ಯಂತ್ರವನ್ನು ಕೊಡಿಸುವುದು, ಬೆಳಗಿನ ಬಿಸಿಲಿನಲ್ಲಿ ಜಗಲಿಯ ಮೇಲೆ ಕೂಡಿಸುವುದು, ದೊಡ್ಡ ಅಕ್ಷರದ ಕ್ಯಾಲೆಂಡರನ್ನು ಕಣ್ಣಿನೆದುರಿಗೆ ತೂಗುಹಾಕುವುದು, ಇವು ಒಂದು ಬಗೆಯ ಸಹಾಯ. ಇದಕ್ಕಿಂತ ದೊಡ್ಡದು, ದಿನಕ್ಕೊಂದು ಗುರುತನ್ನು ಉಳಿಸಿಕೊಡುವುದು. ಸಂತೆಯ ದಿನದ ಪಟ್ಟಿ ಅಜ್ಜಿ ಹೇಳಲಿ; ಹಾಲಿನ ಲೆಕ್ಕವನ್ನು ಅಜ್ಜ ನೋಡಲಿ; ವಾರಕ್ಕೊಮ್ಮೆ ಯಾರಾದರೂ ಮನೆಗೆ ಬರಲಿ, ಅಥವಾ ಅವರೇ ಹೋಗಲಿ. ಲೆಕ್ಕದಲ್ಲಿ ಹತ್ತು ರೂಪಾಯಿ ತಪ್ಪಿದರೆ ಮನೆ ಮುಳುಗಲಾರದು. ಲೆಕ್ಕವೇ ಇಲ್ಲದವರಿಗೆ ವಾರವಿಲ್ಲ, ವಾರವಿಲ್ಲದವರಿಗೆ ತಿಂಗಳಿಲ್ಲ.

ನಾನು ಈ ಮಾತುಗಳನ್ನು ಅತ್ತೆಯವರ ಮಗನಿಗೆ ಹೇಳಿದಾಗ ಅವನು ಮೊದಲು ಒಪ್ಪಲಿಲ್ಲ. "ಮಾತ್ರೆ ಎರಡು ಸಲ ನುಂಗಿದ್ದು ಸುಳ್ಳೇ ಭಾವ? ನಾಳೆ ಏನಾದರೂ ಆದರೆ ಊರವರು ನನ್ನನ್ನಲ್ಲವೇ ಕೇಳುವುದು?" ಎಂದನು. ಅವನ ಭಯವು ನ್ಯಾಯವಾದುದೇ. ಎಲ್ಲವನ್ನೂ ಹಿಂದಿನಂತೆಯೇ ಬಿಡಬೇಕೆಂದು ನಾನೂ ಹೇಳಲಿಲ್ಲ. ಅಪಾಯವಿರುವುದನ್ನು ನಾವು ವಹಿಸಿಕೊಂಡು, ಅಪಾಯವಿಲ್ಲದುದನ್ನು ಅವರಿಗೇ ಬಿಡುವುದು ವಿವೇಕವೆಂದು ಮಾತ್ರ ಹೇಳಿ ಬಂದೆನು.

ಒಂದು ತಿಂಗಳ ಮೇಲೆ ಅವನೇ ಫೋನು ಮಾಡಿದನು. ರಕ್ತವನ್ನು ಪರೀಕ್ಷೆ ಮಾಡಿಸಿದಾಗ ಬಿ೧೨ ಕಡಮೆಯಿರುವುದಾಗಿ ತಿಳಿದುಬಂದು, ಅದಕ್ಕೆ ಔಷಧ ನಡೆಯುತ್ತಿದೆ. ಮಾತ್ರೆಗಳನ್ನು ವಾರದ ಏಳು ಮನೆಗಳಿರುವ ಡಬ್ಬಿಯಲ್ಲಿ ಹಾಕಿ ಸೊಸೆಯು ತಾನೇ ಕೊಡುತ್ತಾಳೆ. ಮಂಚವು ಮುಂದಣ ಕೋಣೆಗೆ ಬಂದಿದೆ. ಮರೆವು ಪೂರ್ತಿಯಾಗಿ ಹೋಯಿತೆಂದಲ್ಲ. ಕೆಲವು ದಿನ ಚೆನ್ನಾಗಿರುತ್ತಾರೆ, ಕೆಲವು ದಿನ ಕೇಳಿದ್ದನ್ನೇ ಕೇಳುತ್ತಾರೆ. ಆರು ತಿಂಗಳ ಮೇಲೆ ಮತ್ತೊಮ್ಮೆ ತೋರಿಸಬೇಕೆಂದಿದ್ದಾನೆ. ಹಾಲಿನ ಲೆಕ್ಕದ ಪುಸ್ತಕ ಮಾತ್ರ ಅವರ ಕೈಗೆ ಹಿಂದಿರುಗಿದೆ.

"ಇವತ್ತು ಯಾವ ವಾರವೆಂದು ಅವ್ವನನ್ನು ಕೇಳಿದೆಯಾ?" ಎಂದೆನು.

"ನಾನು ಕೇಳುವುದಿಲ್ಲ ಭಾವ, ಅವರೇ ಕೇಳುತ್ತಾರೆ. 'ಇವತ್ತು ದುಡ್ಡು ಬರೋ ದಿನ, ಇನ್ನೂ ಯಾಕೆ ಡೇರಿಗೆ ಹೋಗಿಲ್ಲ' ಅಂತ ಬೆಳಗ್ಗೆಯಿಂದ ನನ್ನನ್ನು ಬೈಯುತ್ತಿದ್ದಾರೆ" ಎಂದನು.